ಚೇಚಿಯ ಬೋರ್ಡಿಗೆ ಬಿದ್ದ ನನ್ನ ದುಡ್ಡು

ಕಳೆದ ದಸರಾ ರಜೆಯಲ್ಲಿ ನೀವು ನನ್ನ ಜೊತೆ ಸೋಮವಾರಪೇಟೆ ಸಂತೆಗೆ ಬಂದಿದ್ದಿರಿ. ಸಂಜೆ ಗೋಣಿಚೀಲ ಮಡಿಸುವಾಗ ನಿಮ್ಮಲ್ಲೊಬ್ಬರು, "ಅಜ್ಜಿ, ಫೋನಲ್ಲಿ ದುಡ್ಡು ತಗೊಳ್ಳೋದನ್ನ ನಿಂಗೆ ಯಾರು ಕಲಿಸಿದ್ರು?" ಎಂದು ಕೇಳಿದಿರಿ. ಪಕ್ಕದಲ್ಲಿ ಬಾಳೆಹಣ್ಣು ಮಾರುತ್ತಿದ್ದವಳನ್ನು ತೋರಿಸಿ "ಚೇಚಿ" ಎಂದೆ. ಅದು ನಿಜ. ಆದರೆ ಅಷ್ಟೇ ಹೇಳಿ ಬಿಟ್ಟರೆ ಅರ್ಧ ಸುಳ್ಳು. ಕಲಿಯುವ ಮೊದಲು ನಾನು ಮಾಡಿದ ಒಂದು ತಪ್ಪಿನಿಂದ ಅವಳ ರೇಷನ್ ಕಾರ್ಡು ಹೋಗುವುದರಲ್ಲಿತ್ತು. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಮೊದಲಿನಿಂದಲೂ ಕಷ್ಟ. ಬರೆಯುವುದು ಅಷ್ಟು ಕಷ್ಟವಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮ ಮಾವನವರು ಹಾಸನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತವರು. ಮನೆಯ ಹಿಂದಿನ ಜಾಗದಲ್ಲಿ ಸೊಪ್ಪು, ಸೂಜಿಮೆಣಸು, ಬೇಲಿಯ ಸಾಲಿಗೆ ಮೂರು ಬಟರ್ ಫ್ರೂಟ್ ಮರ. ಅವುಗಳಲ್ಲಿ ಬಂದದ್ದನ್ನು ನಿಮ್ಮ ತಾತ ಪ್ರತಿ ಸೋಮವಾರ ಬಸ್ಸಿಗೆ ಹಾಕಿಕೊಂಡು ಸಂತೆಗೆ ಹೋಗುತ್ತಿದ್ದರು. ಸಂತೆಯಲ್ಲಿ ಜಾಗಕ್ಕೆ ಕಾಗದಪತ್ರ ಇರುವುದಿಲ್ಲ. ಎಲ್ಲಿ ಕೂತು ರೂಢಿಯೋ ಅದೇ ಜಾಗ. ಮೂರು ಸೋಮವಾರ ಕಾಣದಿದ್ದರೆ ನಾಲ್ಕನೆಯ ಸೋಮವಾರ ಇನ್ನೊಬ್ಬರ ಗೋಣಿಚೀಲ ಅಲ್ಲಿ ಹಾಸಿರುತ್ತದೆ. ತಾತ ತೀರಿಕೊಂಡ ಮೇಲೆ ಎರಡು ಸೋಮವಾರ ಹೋಗಿದ್ದವು. ಮಗನಿಗೆ ಎಸ್ಟೇಟಿನ ಪಿಕಪ್ ಓಡಿಸುವ ಕೆಲಸ, ಸೊಸೆಗೆ ಕಾಫಿ ಪಿಕ್ಕಿಂಗ್. ಮೂರನೆಯ ಸೋಮವಾರ ನಾನೇ ಬುಟ್ಟಿ ಹೊತ್ತುಕೊಂಡು ಹೋದೆ.

ಹೋಗಿ ಕೂತೆ, ಅಷ್ಟೇ. ಕೂಗಲು ಬರಲಿಲ್ಲ. ಬೆಲೆ ಕೇಳಿದವರಿಗೆ ನೆಲ ನೋಡಿಕೊಂಡು ಹೇಳುತ್ತಿದ್ದೆ. ಅವರಿಗೆ ಕೇಳಿಸದೆ ಮುಂದಕ್ಕೆ ಹೋಗುತ್ತಿದ್ದರು. ಒಂದು ಗಂಟೆ ಇದನ್ನು ನೋಡಿದ ಪಕ್ಕದ ಬಾಳೆಹಣ್ಣಿನವಳು ತನ್ನ ಹಣ್ಣಿನ ಜೊತೆಗೆ ನನ್ನದನ್ನೂ ಕೂಗತೊಡಗಿದಳು.

"ನೇಂದ್ರ ಉಂಟು, ಪುಟ್ಟಬಾಳೆ ಉಂಟು! ಇಲ್ಲಿ ಸೊಪ್ಪೂ ಉಂಟು, ಸೂಜಿಮೆಣಸೂ ಉಂಟು! ಈ ಅಮ್ಮ ಮಾತಾಡುದಿಲ್ಲ, ಸೊಪ್ಪು ಮಾತ್ರ ಬಹಳ ಒಳ್ಳೇದು ಉಂಟು!"

ಜನ ನಕ್ಕರು. ನಕ್ಕವರಲ್ಲಿ ಕೆಲವರು ಬಗ್ಗಿ ಸೊಪ್ಪು ನೋಡಿದರು. ಅವಳೇ ಚೇಚಿ. ಮಲೆಯಾಳದಲ್ಲಿ ಅಕ್ಕ ಎಂದರ್ಥ. ಸಂತೆಯಲ್ಲಿ ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಾರೆ. ಹುಟ್ಟಿ ಬೆಳೆದದ್ದೆಲ್ಲ ಕೊಡಗಿನಲ್ಲೇ. ಅವಳ ಯಜಮಾನರು ಕೇರಳಕ್ಕೆ ಹೋಗುವ ಮಾಕುಟ್ಟದ ದಾರಿಯಲ್ಲಿ ಲಾರಿ ಓಡಿಸುತ್ತಿದ್ದವರು, ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅವರನ್ನು ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗಲೆಲ್ಲ ಅವಳು ಮೊದಲು ಚೀಲಕ್ಕೆ ಹಾಕಿಕೊಳ್ಳುತ್ತಿದ್ದದ್ದು ರೇಷನ್ ಕಾರ್ಡು. ಬಡವರ ಕಾರ್ಡು ಇದ್ದರೆ ಅಕ್ಕಿ ಮಾತ್ರವಲ್ಲ, ಚಿಕಿತ್ಸೆಯೂ ಅದರಲ್ಲೇ ಆಗುತ್ತದೆ.

ಆಗ ಎಲ್ಲ ನೋಟು, ಚಿಲ್ಲರೆ. ಬೋಣಿಯ ದುಡ್ಡನ್ನು ಕಣ್ಣಿಗೊತ್ತಿಕೊಂಡು ಸೊಪ್ಪಿನ ರಾಶಿಗೆ ಮುಟ್ಟಿಸಿ ಚೀಲಕ್ಕೆ ಹಾಕುತ್ತಿದ್ದೆ. ಚಿಲ್ಲರೆ ಇಲ್ಲದವರಿಗೆ ಒಂದು ಕಟ್ಟು ಕೊತ್ತಂಬರಿ. "ಮುಂದಿನ ವಾರ ಕೊಡ್ತೀನಿ" ಎಂದವರನ್ನು ಮುಂದಿನ ವಾರ ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಅವರು ಮುಖ ತಿರುಗಿಸಿಕೊಂಡು ಹೋಗುವಾಗ ನಾನೂ ಸೊಪ್ಪಿಗೆ ನೀರು ಚಿಮುಕಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ. ನಾಚಿಕೆ ಅವರಿಗಿರಬೇಕಿತ್ತು. ನನಗೇ ಆಗುತ್ತಿತ್ತು.

ಕೊರೊನಾ ಕಳೆದ ಮೇಲೆ ಸಂತೆಗೆ ಬರುವವರ ಕೈ ಬದಲಾಯಿತು. ಚೀಲ ಒಂದು ಕೈಯಲ್ಲಿ, ಇನ್ನೊಂದು ಕೈಯಲ್ಲಿ ಫೋನು. ಮೊದಲು ಟೂರಿಸ್ಟುಗಳು ಮಾತ್ರ ಹಾಗೆ ಮಾಡುತ್ತಿದ್ದರು. ಆಮೇಲೆ ಮೇಷ್ಟ್ರುಗಳು, ಆಫೀಸಿನವರು. ಆಮೇಲೆ ಎಸ್ಟೇಟಿನ ಕೂಲಿ ಲೈನಿನ ಹೆಂಗಸರೂ. ಬಟರ್ ಫ್ರೂಟ್ ಕೊಳ್ಳುವವರು ಹೆಚ್ಚಾಗಿ ಈ ಫೋನಿನವರೇ. ಹಣ್ಣು ಆರಿಸಿ, ತೂಕ ಹಾಕಿಸಿ, "ಸ್ಕ್ಯಾನರ್ ಎಲ್ಲಿ?" ಎಂದು ಕೇಳಿ, ಇಲ್ಲವೆಂದ ಕೂಡಲೇ ಹಣ್ಣನ್ನು ಬುಟ್ಟಿಗೆ ವಾಪಸ್ ಇಟ್ಟು ಹೋಗುತ್ತಿದ್ದರು. ಬಟರ್ ಫ್ರೂಟ್ ಕಾಯುವ ಹಣ್ಣಲ್ಲ. ಇವತ್ತು ಕಲ್ಲಿನ ಹಾಗಿರುತ್ತದೆ, ನಾಳೆ ಬೆಣ್ಣೆ, ನಾಡಿದ್ದು ಕಪ್ಪು. ಒಂದು ಸೋಮವಾರ ಅರ್ಧ ಬುಟ್ಟಿ ಹಣ್ಣು ಮನೆಗೆ ವಾಪಸ್ ಬಂತು. ಗುರುವಾರ ಗೊಬ್ಬರದ ಗುಂಡಿಗೆ ಹೋಯಿತು.

ಅದೇ ತಿಂಗಳು ಹುಡುಗನಂತಿದ್ದ ಬ್ಯಾಂಕಿನವರೊಬ್ಬರು ಕುತ್ತಿಗೆಗೆ ಐಡಿ ಕಾರ್ಡು ಹಾಕಿಕೊಂಡು ಸಂತೆಯಲ್ಲಿ ಸಾಲು ಹಿಡಿದು ಬಂದರು. ಪಾಸ್‌ಬುಕ್ಕು, ಆಧಾರ್ ಕೊಟ್ಟವರಿಗೆ ಮುಂದಿನ ವಾರ ಚೌಕದ ಗುರುತಿರುವ ಬೋರ್ಡು. ದುಡ್ಡು ನೇರವಾಗಿ ಖಾತೆಗೆ. ಚೇಚಿ ಕೊಟ್ಟಳು. ನನ್ನ ಕಡೆ ತಿರುಗಿ ಅವರು, "ನಿಮ್ದೂ ಕೊಡಿ ಅಮ್ಮ" ಎಂದರು.

ನಾನು ತಲೆಯಾಡಿಸಿ ಬೇಡವೆಂದೆ.

ಯಾಕೆ ಬೇಡವೆಂದೆ ಎನ್ನುವುದೇ ಈ ಕಥೆಯ ಬುಡ. ನನಗಿದ್ದದ್ದು ಒಂದೇ ಖಾತೆ, ವಿಧವಾ ವೇತನ ಬರುವ ಖಾತೆ. ಆ ದುಡ್ಡು ದೊಡ್ಡದಲ್ಲ. ಆದರೆ ಸಂತೆಯ ದುಡ್ಡು ಮನೆಗೆ ಹೋಗುತ್ತಿತ್ತು, ಇದೊಂದು ನನ್ನದಾಗಿತ್ತು. ಬಿಪಿ ಮಾತ್ರೆ, ನೀವು ಬಂದಾಗ ನಿಮ್ಮ ಕೈಗಿಡುವ ಹತ್ತಿಪ್ಪತ್ತು, ತವರಿನಿಂದ ಯಾರಾದರೂ ಬಂದರೆ ಒಂದು ರವಿಕೆ ಕಣ. ಮಗನನ್ನು ಕೇಳಿದರೆ ಕೊಡುತ್ತಾನೆ, ನಿಜ. ಕೇಳಬೇಕಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಾಗ ನನ್ನ ಹಿಂದಿದ್ದವಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು:

"ಫೋನಿಗೆ ದುಡ್ಡು ಹಾಕುಸ್ಕೊಂಡ್ರೆ ಎಲ್ಲ ಗೌರ್ಮೆಂಟಿಗೆ ಗೊತ್ತಾಯ್ತದೆ ಕಣೇ. ನಿಂಗೆ ವರಮಾನ ಅದೆ ಅಂತ ಪಿಂಚಣಿ ಕಟ್, ಕಾರ್ಡೂ ಕಟ್."

"ನೋಟು ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅಂತ ದೇವರಿಗೂ ಗೊತ್ತಾಗಕಿಲ್ಲ ಬಿಡು," ಎಂದಳು ಇನ್ನೊಬ್ಬಳು.

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಯಾರನ್ನೂ ಕೇಳಲಿಲ್ಲ. ಕೇಳುವ ಅಭ್ಯಾಸವೇ ನನಗಿಲ್ಲ. ಚೇಚಿಗೆ ಮಾತ್ರ ಹೇಳಿದೆ. ಅವಳು ಬಾಳೆಗೊನೆ ಬಿಡಿಸುತ್ತಾ ನಕ್ಕಳು.

"ಅಷ್ಟೇಯಾ? ಹಾಗಾದ್ರೆ ನನ್ನ ಬೋರ್ಡಿಗೆ ಹೊಡೆಸು ಮಾರಾಯ್ತಿ. ಸಂಜೆ ನಿನ್ನ ದುಡ್ಡು ನಿಂಗೆ ಕೊಡ್ತೇನೆ. ನಂಗೇನು ಹೊರಬೇಕಾ ಅದನ್ನ?"

ಹೀಗೆ ಶುರುವಾಯಿತು. ನನ್ನ ಗಿರಾಕಿಗಳು ಚೇಚಿಯ ಕಂಬಕ್ಕೆ ಕಟ್ಟಿದ ಬೋರ್ಡಿಗೆ ಫೋನು ಹಿಡಿಯುವರು. ಅವಳ ಫೋನು ಟಣ್ ಎನ್ನುವುದು. ಹತ್ತು ರೂಪಾಯಿಗೆ ಒಂದರಂತೆ ನಾನು ಕಾಫಿಬೀಜವನ್ನು ತೆಂಗಿನ ಚಿಪ್ಪಿಗೆ ಹಾಕುವೆ. ಸಂಜೆ ಬೀಜ ಎಣಿಸಿ ಅವಳು ನೋಟು ಕೊಡುವಳು. ಬರೆದಿಟ್ಟದ್ದಿಲ್ಲ, ಜಗಳವಿಲ್ಲ. ಐದು ರೂಪಾಯಿ ಆಚೀಚೆಯಾದರೆ ಎರಡು ಬಾಳೆಹಣ್ಣು. ಹಣ್ಣು ವಾಪಸ್ ಬರುವುದು ನಿಂತಿತು. "ಮುಂದಿನ ವಾರ" ಎನ್ನುವವರೂ ಕಡಿಮೆಯಾದರು. ಫೋನು ಕೈಯಲ್ಲೇ ಇರುವಾಗ ದುಡ್ಡಿಲ್ಲ ಎನ್ನಲು ಅವರಿಗೂ ಆಗುತ್ತಿರಲಿಲ್ಲವೇನೋ.

ಬೋಣಿಗೆ ಮಾತ್ರ ಚೇಚಿ ಫೋನು ಬಿಡುತ್ತಿರಲಿಲ್ಲ. "ಮೊದಲನೇದು ನೋಟಲ್ಲೇ ಕೊಡಿ ಸಾರ್, ಇಲ್ಲಾಂದ್ರೆ ಇನ್ನೊಬ್ಬರು ಬಂದ ಮೇಲೆ ಬನ್ನಿ" ಎಂದು ಕಳಿಸಿಬಿಡುವಳು.

ಆ ವರ್ಷ ಆಯುಧಪೂಜೆ ಕಳೆದ ಮರುವಾರದ ಸಂತೆಗೆ ನಾನು ಮನೆಯಿಂದ ಅರಿಶಿನ ಕುಂಕುಮ ತಂದಿದ್ದೆ. ತಕ್ಕಡಿಗೆ ಇಟ್ಟೆ, ಬುಟ್ಟಿಗೆ ಇಟ್ಟೆ. ಚೇಚಿ ಟೀ ಕುಡಿಯಲು ಹೋಗಿದ್ದಾಗ ಬೋರ್ಡಿಗೂ ಮೂರು ಬೊಟ್ಟು ಒದ್ದೆಯಾಗಿ ಇಟ್ಟೆ. ಅದೂ ಅನ್ನ ಕೊಡುವ ಸಾಮಾನಲ್ಲವೇ. ಆಮೇಲೆ ಯಾರ ಫೋನಿಗೂ ಬೋರ್ಡು ಓದಲಾಗಲಿಲ್ಲ. ಒಬ್ಬರು ನೆಟ್‌ವರ್ಕ್ ಇಲ್ಲವೆಂದರು, ಇನ್ನೊಬ್ಬರು ಸರ್ವರ್ ಎಂದರು. ಚೇಚಿ ಬಂದು ಬೋರ್ಡು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಎಂಡೆ ದೈವಮೇ! ಅದರ ಕಣ್ಣಿಗೇ ಕುಂಕುಮ ಹಾಕಿದ್ದೀಯಲ್ಲಾ!"

ಸೆರಗಿನಿಂದ ಒರೆಸಿದರೆ ಇನ್ನಷ್ಟು ಹರಡಿತು. ಕೊನೆಗೆ ಎಣ್ಣೆ ಹಚ್ಚಿ ತೆಗೆದೆವು.

ಇಷ್ಟು ದಿನದಲ್ಲಿ ಒಂದು ಮಾತು ನನಗೆ ಹೊಳೆಯಲೇ ಇಲ್ಲ. ಚೇಚಿಗೂ ಕಾರ್ಡಿದೆ ಎಂದು ನನಗೆ ಗೊತ್ತಿತ್ತು. ನನ್ನ ದುಡ್ಡು ನನ್ನ ಖಾತೆಗೆ ಬಿದ್ದರೆ ನನಗೆ ಕಷ್ಟ ಎಂದು ಹೆದರಿದವಳಿಗೆ, ಅದೇ ದುಡ್ಡು ಅವಳ ಖಾತೆಗೆ ಬಿದ್ದರೆ ಅವಳಿಗೂ ಕಷ್ಟವಾಗಬಹುದು ಎಂದು ತೋರಲಿಲ್ಲ. ತೋರಲಿಲ್ಲವೋ, ತೋರದ ಹಾಗೆ ನೋಡಿಕೊಂಡೆನೋ, ಈಗ ಹೇಳಲಾರೆ.

ಒಂದೂವರೆ ವರ್ಷ ಕಳೆದಿರಬೇಕು. ಒಂದು ಸೋಮವಾರ ಹೋದಾಗ ಕಂಬದಲ್ಲಿ ಬೋರ್ಡಿರಲಿಲ್ಲ.

"ಬೋರ್ಡೆಲ್ಲಿ ಚೇಚಿ?"

"ಒಡೆದುಹೋಯ್ತು."

"ಇನ್ನೊಂದು ಕೊಡಕಿಲ್ವಾ ಅವ್ರು?"

"ನೋಡುವಾ," ಎಂದು ಆ ಕಡೆ ತಿರುಗಿದಳು.

ಅವತ್ತು ಫೋನು ಹಿಡಿದು ಬಂದವರನ್ನೆಲ್ಲ ಅವಳು "ನೋಟಿದ್ರೆ ಕೊಡಿ, ಇಲ್ಲಾಂದ್ರೆ ಬೇಡ" ಎಂದು ಕಳಿಸಿದಳು. ನನ್ನ ಗಿರಾಕಿಗಳೂ ಹೋದರು. ಮುಂದಿನ ವಾರವೂ ಹಾಗೇ. ಚೇಚಿ ಕೂಗುವುದನ್ನೂ ಕಡಿಮೆ ಮಾಡಿದ್ದಳು. ಮನೆಗೆ ಬಂದು ಸೊಸೆಗೆ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಾ, "ಅತ್ತೆ, ಖಾತೇಲಿ ಓಡಾಟ ಜಾಸ್ತಿ ಇದ್ರೆ ಬ್ಯಾಂಕಿನೋರು ಸಾಲ ಕೊಡ್ತಾರಂತೆ. ನಿಮ್ಮ ದುಡ್ಡೂ ತೋರ್ಸಿ ಚೇಚಿಗೆ ಸಾಲ ಸಿಕ್ಕಿರ್ಬೋದು. ಇನ್ನು ನಿಮ್ಮ ಅಗತ್ಯ ಏನದೆ?" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಕೇಳಿದ್ದನ್ನು ಹೇಳಿದಳು. ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೂರನೆಯ ಸೋಮವಾರ ಚೇಚಿಯ ಜೊತೆ ಮಾತಾಡಲಿಲ್ಲ. ಮೊದಲೂ ಹೆಚ್ಚು ಮಾತಾಡುತ್ತಿರಲಿಲ್ಲವಾದ್ದರಿಂದ ಅವಳಿಗೆ ವ್ಯತ್ಯಾಸ ಗೊತ್ತಾಯಿತೋ ಇಲ್ಲವೋ. ಅವಳು ಕೊಟ್ಟ ಟೀಯನ್ನು ಬೇಡವೆಂದೆ. ಅದು ಗೊತ್ತಾಯಿತು.

ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಹೊತ್ತಿಗೆ ಅವಳು ಚೀಲದಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದಳು.

"ನಿಂಗೆ ಓದ್ಲಿಕ್ಕೆ ಬರ್ತದಲ್ಲ. ತಾರೀಕು ಎಷ್ಟುಂಟು ನೋಡು."

ನಾನು ಏಳನೆಯ ಕ್ಲಾಸು ಓದಿದವಳು. ಚೇಚಿಗೆ ಸಹಿ ಮಾತ್ರ ಬರುತ್ತದೆ. ಕಾಗದ ಆಹಾರ ಇಲಾಖೆಯಿಂದ ಬಂದದ್ದು. ಪಡಿತರ ಚೀಟಿಯ ಪರಿಶೀಲನೆ, ಬ್ಯಾಂಕ್ ಪಾಸ್‌ಬುಕ್ಕಿನೊಂದಿಗೆ ಗುರುವಾರ ತಾಲ್ಲೂಕು ಕಚೇರಿಗೆ ಖುದ್ದಾಗಿ ಹಾಜರಾಗಬೇಕು, ತಪ್ಪಿದಲ್ಲಿ ಚೀಟಿ ರದ್ದು. ಅಷ್ಟೇ ಇತ್ತು. ತಾರೀಕು ಹೇಳಿ, ಕಾಗದವನ್ನು ಎರಡನೆಯ ಸಲ ಓದಿದೆ. ಪಾಸ್‌ಬುಕ್ಕು ಎಂಬ ಪದದ ಹತ್ತಿರ ಬಂದಾಗ ಅದರಲ್ಲಿ ನನ್ನ ದುಡ್ಡೂ ಇದೆ ಎಂದು ಹೊಳೆಯಿತು.

"ಯಾವಾಗ ಬಂತು ಇದು?"

"ಮೂರು ವಾರ ಆಯ್ತು."

"ನಂಗ್ಯಾಕೆ ಹೇಳ್ಲಿಲ್ಲ ಚೇಚಿ?"

"ನಿಂಗೆ ಹೇಳಿ ಎಂತ ಮಾಡುದು? ಹೆದರಿ ಸಂತೆಗೇ ಬರುದಿಲ್ಲ ನೀನು. ಜಾಗ ಹೋಗ್ತದೆ," ಎಂದಳು. ಆಮೇಲೆ ಹಣ್ಣಿನ ಮೇಲಿನ ನೊಣ ಓಡಿಸುತ್ತಾ, "ಕಾರ್ಡು ಹೋದ್ರೆ ಅಕ್ಕಿ ಹೇಗಾದ್ರೂ ಮಾಡುವಾ. ಇವರ ಆಸ್ಪತ್ರೆಗೇ ಎಂತ ಮಾಡುದು ಅಂತ," ಎಂದಳು. ನನ್ನ ದುಡ್ಡಿನ ಮಾತೇ ಎತ್ತಲಿಲ್ಲ.

ಗುರುವಾರ ನಾನೂ ಬರುತ್ತೇನೆ ಎಂದೆ. "ಬಂದು ಎಂತ ಮಾಡ್ತೀ, ಗೋಡೆಗೆ ಒರಗಿ ನಿಲ್ತೀಯಾ?" ಎಂದು ತಮಾಷೆ ಮಾಡಿದಳು. ನಿಜಕ್ಕೂ ಹೋಗಿ ಹಾಗೇ ನಿಂತೆ. ತಾಲ್ಲೂಕು ಕಚೇರಿಯ ಆ ಕೋಣೆಯಲ್ಲಿ ಹತ್ತು ಹದಿನೈದು ಜನ, ಎಲ್ಲರ ಕೈಯಲ್ಲೂ ಅಂಥದೇ ಕಾಗದ. ಮೇಜಿನ ಹಿಂದೆ ನನ್ನ ಮಗಳ ವಯಸ್ಸಿನ ಒಬ್ಬರು ಮೇಡಂ. ಬಸ್ಸಿನಲ್ಲಿ ಬರುತ್ತಾ ನಾನು ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಹೇಳಿದರೆ ನನ್ನ ಪಿಂಚಣಿ ಹೋಗಬಹುದು ಎಂಬುದನ್ನೂ ಯೋಚಿಸಿದ್ದೆ. ಹೋದರೆ ಹೋಗಲಿ ಎಂದು ಧೈರ್ಯವಾಗಿ ಅಂದುಕೊಂಡಿರಲಿಲ್ಲ. ಚೇಚಿಯೇ ಎಲ್ಲ ಬಿಡಿಸಿ ಹೇಳಲಿ, ಮೇಡಂ ಕೇಳಿದರೆ ನಾನು ಹೌದೆನ್ನುತ್ತೇನೆ ಎಂದುಕೊಂಡಿದ್ದೆ.

ಚೇಚಿಯ ಸರದಿ ಬಂತು. ಮೇಡಂ ಪಾಸ್‌ಬುಕ್ಕಿನ ಪುಟಗಳನ್ನು ತಿರುವಿ ಹಾಕಿದರು. ಹತ್ತು, ಇಪ್ಪತ್ತು, ನಲವತ್ತು, ಅರವತ್ತು, ಸಾಲು ಸಾಲಾಗಿ.

"ಏನು ವ್ಯಾಪಾರ ನಿಮ್ದು?"

"ಬಾಳೆಹಣ್ಣು ಮೇಡಂ. ಸಂತೆಯಲ್ಲಿ."

"ವಾರಕ್ಕೊಂದು ದಿನ ಬಾಳೆಹಣ್ಣು ಮಾರಿ ಇಷ್ಟು ಬರುತ್ತಾ?"

ಚೇಚಿ ನನ್ನ ಕಡೆ ನೋಡಲಿಲ್ಲ. "ಬರ್ತದೆ ಮೇಡಂ. ಸೀಸನಲ್ಲಿ ಹೆಚ್ಚು ಬರ್ತದೆ."

"ಎಲ್ಲಾ ನಿಮ್ದೇ ದುಡ್ಡಾ?"

"ನಂದೇ."

ಮೇಡಂ ಪೆನ್ನು ಕೈಗೆ ತೆಗೆದುಕೊಂಡರು. ಅವರು ಬರೆಯಲು ಶುರು ಮಾಡಿದರೆ ಮುಗಿಯಿತು ಎಂದು ನನಗನಿಸಿತು. ಗೋಡೆಯಿಂದ ಮೇಜಿನ ತನಕ ಆರೇಳು ಹೆಜ್ಜೆ ಇರಬಹುದು. ನಡೆದದ್ದು ನೆನಪಿಲ್ಲ. ಮೇಜಿನ ಅಂಚು ಹಿಡಿದುಕೊಂಡಿದ್ದು ನೆನಪಿದೆ.

"ಅರ್ಧ ನಂದು ಮೇಡಂ," ಎಂದೆ.

"ಏನು? ಜೋರಾಗಿ ಹೇಳಿ."

"ಅದ್ರಲ್ಲಿ ಅರ್ಧ ದುಡ್ಡು ನಂದು. ನಾನು ಪಕ್ಕದಲ್ಲಿ ಸೊಪ್ಪು ಮಾರೋಳು."

"ಸುಮ್ನಿರು ನೀನು," ಎಂದು ಚೇಚಿ ನನ್ನ ಮೊಣಕೈ ಎಳೆದಳು.

ಮೇಡಂ ಪೆನ್ನು ಕೆಳಗಿಟ್ಟರು. "ನಿಮ್ಮ ದುಡ್ಡು ಇವ್ರ ಖಾತೆಗೆ ಯಾಕೆ ಬೀಳುತ್ತೆ?"

"ನಂಗೆ ವಿಧವಾ ವೇತನ ಬರ್ತದೆ. ನನ್ನ ಖಾತೆಗೆ ಬಿದ್ರೆ ಅದು ನಿಂತೋಯ್ತದೆ ಅಂತ ಹೆದ್ರಿಕೊಂಡು ಇವಳ ಬೋರ್ಡಿಗೆ ಹಾಕುಸ್ದೆ."

ಹಿಂದೆ ನಿಂತಿದ್ದವರಲ್ಲಿ ಯಾರೋ ನಕ್ಕರು. ಮೇಡಂ ನಗಲಿಲ್ಲ. "ಅಲ್ಲ ಅಜ್ಜಿ, ನಿಮ್ದು ನಿಲ್ಲಬಾರ್ದು ಅಂತ ಇವ್ರದನ್ನ ನಿಲ್ಸೋಕೆ ಹೊರಟ್ರಾ?" ಎಂದರು.

ಬೈದ ಹಾಗಿರಲಿಲ್ಲ, ಸಾಧಾರಣವಾಗಿ ಕೇಳಿದರು. ಆದರೆ ಅಷ್ಟು ನೇರವಾಗಿ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಚೇಚಿಯೇ ಹೇಳಿದಳು, "ಅವಳಿಗೆ ಗೊತ್ತಿರ್ಲಿಲ್ಲ ಮೇಡಂ. ನಾನೇ ಹೇಳಿದ್ದು ಹಾಕ್ಸು ಅಂತ."

"ಇದನ್ನ ಬರೆದುಕೊಡ್ತೀರಾ?" ಎಂದು ಮೇಡಂ ನನ್ನನ್ನು ಕೇಳಿದರು. "ಫೈಲಿಗೆ ಹೋಗುತ್ತೆ. ನಿಮ್ಮ ಪಿಂಚಣಿ ನನ್ನ ಕೈಲಿಲ್ಲ, ಅದರ ಬಗ್ಗೆ ನಾನೇನೂ ಹೇಳಲ್ಲ. ಯೋಚ್ನೆ ಮಾಡಿ ಬರೀರಿ."

ಬಿಳಿ ಹಾಳೆ ಕೊಟ್ಟರು. ಬಾಗಿಲ ಪಕ್ಕದ ಬೆಂಚಿನ ಮೇಲೆ ಹಾಳೆಯಿಟ್ಟು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಬರೆದೆ. ಇವರಿಗೆ, ಇಂಥವರಿಂದ, ಎಂದು ಶಾಲೆಯಲ್ಲಿ ರಜೆ ಚೀಟಿಗೆ ಕಲಿಸಿದ್ದು ನೆನಪಿತ್ತು. ಹೆಸರು ಬರೆದೆ, ಊರು ಬರೆದೆ. ಉದ್ಯೋಗ ಎಂದು ಬರೆಯುವಾಗ ಸ್ವಲ್ಪ ತಡೆದೆ. ಅಲ್ಲಿಯ ತನಕ ಎಲ್ಲ ಅರ್ಜಿಯಲ್ಲೂ ನನ್ನ ಉದ್ಯೋಗದ ಜಾಗದಲ್ಲಿ ಬರೆಯುವವರು ಒಂದು ಗೆರೆ ಎಳೆಯುತ್ತಿದ್ದರು. "ಸೊಪ್ಪಿನ ವ್ಯಾಪಾರ" ಎಂದು ಬರೆದೆ. ಈ ಖಾತೆಗೆ ಬಂದ ಹಣದಲ್ಲಿ ಸುಮಾರು ಅರ್ಧ ನನ್ನ ಸೊಪ್ಪು, ಮೆಣಸು, ಬಟರ್ ಫ್ರೂಟಿನದು, ಅದನ್ನು ಆಯಾ ದಿನವೇ ನನಗೆ ನಗದಾಗಿ ಕೊಟ್ಟಿದ್ದಾರೆ, ತಪ್ಪು ನನ್ನದು. ಸಹಿ ಹಾಕಿದೆ. ಮೇಡಂ ಓದಿ, ಫೈಲಿಗೆ ಸೇರಿಸಿ, "ಇನ್ಮೇಲೆ ಅವ್ರದ್ದು ಅವ್ರಿಗೆ, ನಿಮ್ದು ನಿಮಗೆ. ಇವ್ರ ಕಾರ್ಡಿನ ವಿಷ್ಯ ಮೇಲಿಂದ ತೀರ್ಮಾನ ಆಗ್ಬೇಕು, ಅಲ್ಲಿ ತನಕ ರೇಷನ್ ಸಿಗಲ್ಲ" ಎಂದರು.

ಹೊರಗೆ ಬಂದ ಮೇಲೆ ಚೇಚಿ ಸಿಟ್ಟಾದಳು. "ನಂದು ಹೇಗೂ ಹೋಗುದು ಹೋಗ್ತಿತ್ತು. ಈಗ ಇಬ್ಬರದ್ದೂ ಹೋಗ್ತದೆ. ಬುದ್ಧಿ ಉಂಟಾ ನಿಂಗೆ?"

"ನೀನು ಸುಳ್ಳು ಯಾಕೆ ಹೇಳ್ದೆ?"

"ವರ್ಷಕ್ಕೊಂದು ಮಾತಾಡ್ತೀ. ಅದನ್ನ ಅಲ್ಲೇ ಹೋಗಿ ಮಾತಾಡ್ಬೇಕಿತ್ತಾ!" ಎಂದು ಬೈದು, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಟೀ ಹೇಳಿದಳು. ನಾನು ಬೇಡವೆನ್ನಲಿಲ್ಲ.

ಮರುವಾರ ಸೊಸೆಯನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ನನ್ನ ಖಾತೆಗೇ ಬೋರ್ಡು ಮಾಡಿಸಿದೆ. ಸೊಸೆಯ ಹಳೆಯ ಫೋನು ನನಗೆ ಬಂತು, ಅದರ ಗಾಜು ಒಂದು ಮೂಲೆಯಲ್ಲಿ ಒಡೆದಿದೆ, ನೀವು ನೋಡಿದ್ದೀರಿ. ಬೋರ್ಡು ಕೈಗೆ ಬಂದಾಗ ಅದರಲ್ಲಿ ನನ್ನ ಪೂರ್ತಿ ಹೆಸರು ಅಚ್ಚಾಗಿತ್ತು. ಮೊದಲ ಸೋಮವಾರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಪ್ರತಿ ವಾರ ಚೇಚಿಯ ಹತ್ತಿರ ಹಣ್ಣು ಕೊಳ್ಳುವವರು, ನನ್ನಲ್ಲಿ ಮೆಣಸು ತಗೊಂಡು ಫೋನು ಹಿಡಿದು ನನ್ನ ಹೆಸರನ್ನು ಗಟ್ಟಿಯಾಗಿ ಓದಿ, "ನೀವೇನಾ ಇದು?" ಎಂದು ಕೇಳಿದರು. ಮದುವೆಯಾದ ಮೇಲೆ ಆ ಹೆಸರನ್ನು ಯಾರೂ ಕೂಗಿರಲಿಲ್ಲ. ನಿಮ್ಮ ತಾತ "ಇವಳೇ" ಎನ್ನುತ್ತಿದ್ದರು. ಆಮೇಲೆ ಅಮ್ಮ, ಅತ್ತೆ, ಅಜ್ಜಿ. ಹೌದೆಂದೆ.

ಫೋನಲ್ಲಿ ದುಡ್ಡು ಬಂತೋ ಇಲ್ಲವೋ ನೋಡುವುದನ್ನು ಚೇಚಿಯೇ ಕಲಿಸಿದಳು. ತನ್ನ ಬೋರ್ಡನ್ನೂ ಮತ್ತೆ ಹಾಕಿದಳು. ಅದು ಒಡೆದೇ ಇರಲಿಲ್ಲ. ಒಂದೇ ಕಂಬಕ್ಕೆ ಎರಡು ಬೋರ್ಡು. ರೂಢಿ ತಪ್ಪದ ನನ್ನ ಗಿರಾಕಿಗಳು ಅವಳದಕ್ಕೇ ಫೋನು ಹಿಡಿಯುತ್ತಿದ್ದರು. "ಅಲ್ಲಿ ಅಲ್ಲ, ಇಲ್ಲಿ" ಎಂದು ದಿನಕ್ಕೆ ನೂರು ಸಲ ಹೇಳಬೇಕಾಯಿತು. ಹೇಳಿ ಹೇಳಿ ಗಂಟಲು ಸ್ವಲ್ಪ ಬಿಟ್ಟಿತು.

ಆ ತಿಂಗಳು ಚೇಚಿಗೆ ರೇಷನ್ ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ಆಸ್ಪತ್ರೆಗೆ ಹೋಗುವ ದಿನವನ್ನು ಎರಡು ಸಲ ಮುಂದಕ್ಕೆ ಹಾಕಿದಳು. ನಾನು ನಮ್ಮ ಅಕ್ಕಿಯಲ್ಲಿ ಅರ್ಧ ಅಳೆದು ಚೀಲದಲ್ಲಿ ಒಯ್ದು ಕೊಡುತ್ತಿದ್ದೆ. ಅವಳು ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದಳು. ಯಾವಾಗಲೂ ಮಾತಾಡುವವಳು ಮಾತಿಲ್ಲದೆ ತೆಗೆದುಕೊಂಡರೆ ಕೊಟ್ಟವರಿಗೆ ಹೇಗಿರುತ್ತದೆ ಎಂದು ನನಗೆ ಆಗ ತಿಳಿಯಿತು. ಅದೇ ಹೊತ್ತಿಗೆ ಒಂದು ತಿಂಗಳು ನನ್ನ ಪಿಂಚಣಿಯೂ ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಬಿಪಿ ಮಾತ್ರೆಯನ್ನು ಸಂತೆಯ ದುಡ್ಡಿನಲ್ಲಿ ತಂದೆ. ಮುಂದಿನ ತಿಂಗಳು ಎರಡು ತಿಂಗಳದ್ದೂ ಒಟ್ಟಿಗೆ ಬಂತು. ನಾಡಕಚೇರಿಯಲ್ಲಿ ವಿಚಾರಿಸಿದಾಗ, ಈ ಸಲ ಸೊಸೆ ಬಾರದೆ ನಾನೇ ವಿಚಾರಿಸಿದೆ, ಎಲ್ಲರದ್ದೂ ತಡವಾಗಿತ್ತು ಎಂದರು. ಸೊಪ್ಪು ಮಾರುವುದಕ್ಕೆ ಪಿಂಚಣಿ ನಿಲ್ಲುತ್ತದಾ ಎಂದು ಕೇಳಿದೆ. ವರಮಾನಕ್ಕೆ ಒಂದು ಮಿತಿಯಿದೆ, ನಿಮ್ಮ ಬುಟ್ಟಿ ಅಲ್ಲಿಗೆ ಮುಟ್ಟಲು ಬಹಳ ದೂರ ಎಂದು ಅಲ್ಲಿಯ ಗುಮಾಸ್ತರು ಹೇಳಿದರು. ಎರಡು ನಿಮಿಷದ ಮಾತು. ಎರಡು ವರ್ಷ ಮೊದಲೇ ಕೇಳಬಹುದಿತ್ತು.

ಮೂರನೆಯ ತಿಂಗಳ ಒಂದು ಸೋಮವಾರ ಚೇಚಿ ತಡವಾಗಿ ಬಂದಳು. ಅವಳ ಜಾಗಕ್ಕೆ ಯಾರೂ ಬಾರದ ಹಾಗೆ ನಾನು ಗೋಣಿಚೀಲ ಹಾಸಿ ಇಟ್ಟಿದ್ದೆ. ಬಂದವಳು ಗೊನೆ ಇಳಿಸಿ ಚಿಪ್ಪು ಬಿಡಿಸತೊಡಗಿದಳು. ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ರೈಟರು ಬಂದು ನೇಂದ್ರದ ರೇಟು ಕೇಳಿದರು. ಚೇಚಿ ಯಾವಾಗಿನದಕ್ಕಿಂತ ಕೆಜಿಗೆ ಐದು ರೂಪಾಯಿ ಕಡಿಮೆ ಹೇಳಿದಳು.

"ಏನ್ ಚೇಚಿ, ಹಣ್ಣು ಕೊಳೀತಾ ಇದೆಯಾ?"

"ಕೊಳೆತಿದ್ರೆ ನಿಮಗೆ ಐದು ಹೆಚ್ಚು ಹೇಳ್ತಿದ್ದೆ. ತಗೊಂಡು ಹೋಗಿ ಸಾರ್, ಇವತ್ತು ಹಾಗೇ."

ಹನ್ನೊಂದು ವರ್ಷದಲ್ಲಿ ಅವಳು ತಾನಾಗಿ ಬೆಲೆ ಇಳಿಸಿದ್ದನ್ನು ನಾನು ನೋಡಿರಲಿಲ್ಲ. ರೈಟರು ಆಚೆ ಹೋಗುವುದನ್ನೇ ಕಾದು, "ಕಾರ್ಡು?" ಎಂದೆ.

"ಉಂಟು. ಶನಿವಾರ ಬೆರಳು ಇಟ್ಟೆ, ಅಕ್ಕಿ ಕೊಟ್ಟರು. ಬುಧವಾರ ಇವರನ್ನು ಮಡಿಕೇರಿಗೆ ಕರ್ಕೊಂಡು ಹೋಗುದು."

ಹೀಗೆಂದು ಅವಳು ತನ್ನ ಬುಟ್ಟಿಯ ತಳದಿಂದ ಒಂದು ಚೀಲ ತೆಗೆದು ನನ್ನ ಕಾಲ ಹತ್ತಿರ ಇಟ್ಟಳು. ನಾನು ಎರಡು ತಿಂಗಳು ಒಯ್ದು ಕೊಟ್ಟದ್ದರ ಅಳತೆಗೆ ಸರಿಯಾಗಿ ಅಕ್ಕಿ.

"ಇದ್ಯಾಕೆ ಚೇಚಿ..."

"ನಿಂದು ನಿಂಗೆ. ಮೇಡಂ ಹೇಳಿಲ್ವಾ?"

ಅವಳು ನಗುತ್ತಿದ್ದಳು. ಬೇಡವೆಂದರೆ ಅವಳು ಇನ್ನೂ ನನ್ನ ಅಕ್ಕಿ ತಿನ್ನುವವಳಾಗಿಯೇ ಉಳಿಯುತ್ತಿದ್ದಳು. ನಾನು ಚೀಲವನ್ನು ನನ್ನ ಬುಟ್ಟಿಗೆ ಹಾಕಿಕೊಂಡೆ. ಅಷ್ಟರಲ್ಲಿ ಯಾರೋ ಸೊಪ್ಪಿನ ಬೆಲೆ ಕೇಳಿದರು, ಹೇಳಿದೆ. ಮಾರನೆಯ ದಿನ ಆ ಅಕ್ಕಿಯನ್ನು ತರಿ ಮಾಡಿ ಕಡುಬು ಬೇಯಿಸಿದೆ.